ಸಾಗವಾನಿಯೊಳಗಿನ 1964

2023ರ ಮಳೆಗಾಲದಲ್ಲಿ ಸವಣೂರಿನ ದೊಡ್ಡಹುಣಸೆ ಮಠದ ಮೂರು ಹಿರಿಯ ಮರಗಳಲ್ಲಿ ಒಂದು ಉರುಳಿಬಿತ್ತು. ಆಮೇಲೆ ಅದನ್ನು ಎತ್ತಿ ಮತ್ತೆ ನೆಡುವ ಪ್ರಯತ್ನವೂ ನಡೆಯಿತು. ಬಿದ್ದ ಸುದ್ದಿ ಕೇಳಿ ನೋಡಲು ಹೋದವರಲ್ಲಿ ನಾನೂ ಒಬ್ಬ. ಜೊತೆಗೆ ನಮ್ಮ ಕಾಕಾ ಇದ್ದರು. ಹಾನಗಲ್ಲಿನ ಕಡೆ ಕಟ್ಟಿಗೆ ಕೊಯ್ಯುವ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದವರು. ಅಲ್ಲಿ ನೆರೆದವರ ಮಾತೆಲ್ಲ ಮರದ ವಯಸ್ಸಿನ ಮೇಲೆಯೇ ನಡೆದಿತ್ತು. ಒಬ್ಬರು ಎರಡು ಸಾವಿರ ವರ್ಷ ಎಂದರೆ ಇನ್ನೊಬ್ಬರು ಐದು ಸಾವಿರಕ್ಕೆ ಏರಿಸಿದರು. ಕೃಷ್ಣನೇ ತಂದು ನೆಟ್ಟ ಸಸಿಗಳು ಎಂದು ಮೂರನೆಯವರು ಕತೆ ತೆಗೆದರು. ಕಾಕಾ ಎಲ್ಲ ಕೇಳಿಸಿಕೊಂಡು, ಮರಳಿ ಬರುವಾಗ ನನಗಷ್ಟೇ ಹೇಳಿದರು: "ಗಿಡದ ವಯಸ್ಸು ಮಂದಿ ಬಾಯಾಗ ಇರೂದಿಲ್ಲ ತಮ್ಮಾ, ಗಿಡದ ಹೊಟ್ಟ್ಯಾಗ ಇರತೈತಿ. ಆದ್ರ ಇದರ ಹೊಟ್ಟಿನ ಟೊಳ್ಳು."

ಅವರ ಮಾತು ಸರಿಯಾಗಿತ್ತು. ಹೆಸರಿನಲ್ಲಿ ಹುಣಸೆ ಇದ್ದರೂ ಇದು ನಮ್ಮ ಹುಣಸೆಯ ಬಳಗದ್ದಲ್ಲ. ಕಾಯಿಯೊಳಗಿನ ತಿರುಳು ಹುಳಿಯಾದ್ದರಿಂದ ಆ ಹೆಸರು ಬಂದಿದೆ. ಇದು ಆಫ್ರಿಕಾದ ಬಾವೊಬಾಬ್. ಕಾಂಡದ ತುಂಬ ನೀರು ಹಿಡಿದಿಟ್ಟುಕೊಳ್ಳುವ, ಕಟ್ಟಿಗೆ ಎನ್ನಲು ಸಂಕೋಚವಾಗುವಷ್ಟು ಮೆದುವಾದ ಮರ. ವಯಸ್ಸಾದಂತೆ ನಡುವೆ ಪೊಳ್ಳಾಗುತ್ತದೆ. ಉಂಗುರಗಳು ಮಸುಕು, ಒಂದು ಉಂಗುರಕ್ಕೆ ಒಂದು ವರ್ಷ ಎಂಬ ಲೆಕ್ಕವೂ ಇದಕ್ಕೆ ಸರಿಹೊಂದುವುದಿಲ್ಲ. ಕಾಕಾ ನಂಬಿದ್ದು ಸಾಗವಾನಿಯನ್ನು. ಬೇಸಿಗೆಗೆ ಎಲೆಯುದುರಿಸಿ ಮಲಗಿ, ಮುಂಗಾರಿಗೆ ಮತ್ತೆ ಎದ್ದು, ಮಳೆ ತೀರುವ ಹೊತ್ತಿಗೆ ಆ ವರ್ಷದ ಬೆಳವಣಿಗೆ ಮುಗಿಸುವ ಮರ ಅದು. ಹೀಗಾಗಿ ಭಾರತದ ಬಯಲು ಮತ್ತು ಅರೆಮಲೆನಾಡಿನ ಮರಗಳಲ್ಲಿ ಉಂಗುರಗಳ ಶಿಸ್ತು ಚೆನ್ನಾಗಿರುವುದು ಸಾಗವಾನಿಗೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಹಳೆಯ ಮುಂಗಾರುಗಳ ಲೆಕ್ಕ ತೆಗೆಯಲು ಬಳಸಿದ ಮರಗಳಲ್ಲಿ ಇದೂ ಒಂದು.

ನಾನು ಚಿಕ್ಕವನಿದ್ದಾಗ ಮಿಲ್ಲಿನಿಂದ ಕಾಕಾ ಸಾಗವಾನಿ ಬುಡದ ಒಂದು ದುಂಡನೆಯ ತುಂಡು ತಂದಿದ್ದರು. ನಮ್ಮವ್ವ ಅದರ ಮೇಲೆ ನೀರಿನ ಕೊಡ ಇಡುತ್ತಿದ್ದಳು, ಈಗಲೂ ಇಡುತ್ತಾಳೆ. ಅದರ ಮೇಲೆ ಬೆರಳಿಟ್ಟು ಕಾಕಾ ನನಗೆ ಎಣಿಸಲು ಕಲಿಸಿದ್ದರು. ದಪ್ಪ ಉಂಗುರ ಮಳೆ ಚೆನ್ನಾಗಿ ಆದ ವರ್ಷದ್ದು, ಕೂದಲಿನಂತೆ ಸಣ್ಣದು ಬರದ ವರ್ಷದ್ದು. "ಇದು ಎಪ್ಪತ್ತೆರಡರ ಬರ" ಎಂದು ಒಂದು ಗೆರೆ ತೋರಿಸುತ್ತಿದ್ದರು. ಗಂಜಿ ಕೇಂದ್ರಗಳ ಕಾಲವನ್ನು ಕಂಡವರಿಗೆ ಆ ಗೆರೆ ಒಂದು ಶಾಸನವಿದ್ದಂತೆ. ಎಪ್ಪತ್ತೆರಡರಿಂದ ಒಳಕ್ಕೆ ಎಂಟು ಉಂಗುರ ಎಣಿಸಿದರೆ ಸಿಗುವ 1964ರ ಬಗ್ಗೆ ಕಾಕಾ ಏನೂ ಹೇಳುತ್ತಿರಲಿಲ್ಲ. ಹೇಳಲು ಏನೂ ಕಾಣುತ್ತಲೂ ಇರಲಿಲ್ಲ. ಅದು ಕಣ್ಣಿಗೆ ಎಲ್ಲ ಉಂಗುರಗಳಂತೆ ಇರುವ ಉಂಗುರ. ಆದರೆ ನಮ್ಮ ಸೀಮೆಯಲ್ಲಿ ಆಗ ಬೆಳೆದ ಪ್ರತಿ ಮರದ, ಪ್ರತಿ ಜೋಳದ ದಂಟಿನ, ಪ್ರತಿ ಮಗುವಿನ ಮೈಯೊಳಗೆ ಆ ವರ್ಷಗಳಲ್ಲಿ ಒಂದು ಗುರುತು ಬಿದ್ದಿತು. ಅದನ್ನು ಹಾಕಿದವರು ಸಾವಿರಾರು ಮೈಲಿ ದೂರದವರು.

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಬೇಕಾಗುತ್ತದೆ. ಆಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣದ ಮೇಲ್ಪದರದಲ್ಲಿ ನ್ಯೂಟ್ರಾನುಗಳನ್ನು ಚಿಮ್ಮಿಸುತ್ತವೆ. ಅವು ಸಾರಜನಕಕ್ಕೆ ಬಡಿದಾಗ ಹುಟ್ಟುವುದು ಇಂಗಾಲ-14. ಇದು ವಿಕಿರಣಶೀಲ ಇಂಗಾಲ. ಸಾಮಾನ್ಯ ಇಂಗಾಲದ ಲಕ್ಷ ಕೋಟಿ ಅಣುಗಳಿಗೆ ಒಂದರಂತೆ ಸಿಗುವ ಅತಿಥಿ. ಮರ ಗಾಳಿಯಿಂದ ಇಂಗಾಲ ಎಳೆದುಕೊಳ್ಳುವಾಗ ಇದನ್ನೂ ಎಳೆದುಕೊಂಡು ಆ ವರ್ಷದ ಉಂಗುರದಲ್ಲಿ ಕಟ್ಟಿಡುತ್ತದೆ. ಉಂಗುರ ಒಮ್ಮೆ ಬಲಿತ ಮೇಲೆ ಅದರ ನಾರಿನೊಳಗಿನ ಇಂಗಾಲ ಅಲುಗುವುದಿಲ್ಲ. ಇಂಗಾಲ-14 ಮಾತ್ರ ತನ್ನ ಪಾಡಿಗೆ ತಾನು ಕರಗುತ್ತ, 5,730 ವರ್ಷಕ್ಕೆ ಅರ್ಧವಾಗುತ್ತದೆ. ಈ ಕರಗುವಿಕೆಯನ್ನೇ ಗಡಿಯಾರ ಮಾಡಿಕೊಂಡ ಅಮೆರಿಕದ ವಿಲ್ಲಾರ್ಡ್ ಲಿಬ್ಬಿಗೆ 1960ರಲ್ಲಿ ನೊಬೆಲ್ ಬಂತು.

ಆದರೆ ನ್ಯೂಟ್ರಾನುಗಳನ್ನು ವಿಶ್ವಕಿರಣಗಳೇ ಚಿಮ್ಮಿಸಬೇಕೆಂದಿಲ್ಲ. ಬಯಲಲ್ಲಿ ಸಿಡಿದ ಪ್ರತಿ ಅಣುಬಾಂಬೂ ಅದೇ ಕೆಲಸ ಮಾಡಿತು. 1954ರ ಮಾರ್ಚ್ 1ರಂದು ಶಾಂತಸಾಗರದ ಬಿಕಿನಿಯಲ್ಲಿ ಅಮೆರಿಕ ಸಿಡಿಸಿದ ಜಲಜನಕ ಬಾಂಬಿನ ಬೂದಿ ಜಪಾನಿನ ಮೀನುಗಾರರ ಮೇಲೆ ಬಿತ್ತು. ಒಂದು ತಿಂಗಳಲ್ಲಿ, ಏಪ್ರಿಲ್ 2ರಂದು, ನೆಹರೂ ಪರೀಕ್ಷೆಗಳನ್ನು ಇದ್ದಲ್ಲಿಗೇ ನಿಲ್ಲಿಸಿ ಎಂದು ಕೇಳಿದರು. ಯಾರೂ ನಿಲ್ಲಿಸಲಿಲ್ಲ. 1956ರಲ್ಲಿ ಡಿ. ಎಸ್. ಕೊಠಾರಿಯವರ ನೇತೃತ್ವದಲ್ಲಿ ಭಾರತ ಸರ್ಕಾರವೇ ಅಣುಸ್ಫೋಟಗಳ ಪರಿಣಾಮದ ಬಗ್ಗೆ ಒಂದು ಪುಸ್ತಕ ತಂದಿತು. ಮುನ್ನುಡಿ ನೆಹರೂ ಅವರದು. 1961 ಮತ್ತು 62 ಎಲ್ಲಕ್ಕಿಂತ ಕೆಟ್ಟ ವರ್ಷಗಳು. 1961ರ ಅಕ್ಟೋಬರ್ 30ರಂದು ಸೋವಿಯತ್ ಒಕ್ಕೂಟ ಉತ್ತರ ಧ್ರುವದ ಹತ್ತಿರದ ನೋವಾಯಾ ಜೆಮ್ಲ್ಯಾದಲ್ಲಿ ಐವತ್ತು ಮೆಗಾಟನ್ನಿನ ಬಾಂಬು ಸಿಡಿಸಿತು. ಕೊನೆಗೆ 1963ರ ಆಗಸ್ಟ್‌ನಲ್ಲಿ ಮಾಸ್ಕೋದಲ್ಲಿ ಬಯಲು ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದವಾಯಿತು. ಭಾರತವೂ ಸಹಿ ಹಾಕಿತು. ಅಷ್ಟು ಹೊತ್ತಿಗೆ ಉತ್ತರ ಗೋಳದ ಗಾಳಿಯಲ್ಲಿ ಇಂಗಾಲ-14 ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು.

ಇದು ನಮ್ಮತ್ತ ಬಂದುದಕ್ಕೆ ಸಾಕ್ಷಿ ಏನು? ಸಾಕ್ಷಿ ಹೇಳಿದ್ದು ಒಂದು ಸಾಗವಾನಿ ಮರ. ಮುಂಬಯಿ ಬಳಿಯ ಠಾಣೆಯದು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಸುಪ್ರಿಯೋ ಚಕ್ರವರ್ತಿ, ಆರ್. ರಮೇಶ್ ಮತ್ತು ಎಸ್. ಕೃಷ್ಣಸ್ವಾಮಿ ಅದರ ಉಂಗುರಗಳನ್ನು ಒಂದೊಂದಾಗಿ ಬಿಡಿಸಿ ಅಳೆದು, ಕಛ್ ಕೊಲ್ಲಿಯ ಹವಳದ ಪದರಗಳ ಜೊತೆ ಹೋಲಿಸಿ 1994ರಲ್ಲಿ ಪ್ರಕಟಿಸಿದರು. ಅವರಿಗೆ ಬೇಕಾಗಿದ್ದದ್ದು ಸಮುದ್ರ ಗಾಳಿಯಿಂದ ಎಷ್ಟು ಇಂಗಾಲ ಹೀರುತ್ತದೆ ಎಂಬ ಲೆಕ್ಕ. ಆದರೆ ದಾರಿಯಲ್ಲಿ ಸಿಕ್ಕಿದ್ದು ಇದು: 1964ರ ಉಂಗುರದಲ್ಲಿ ಇಂಗಾಲ-14 ಸಾಮಾನ್ಯಕ್ಕಿಂತ ಪ್ರತಿಶತ ಅರವತ್ತಕ್ಕೂ ಹೆಚ್ಚಾಗಿತ್ತು. ಆಮೇಲೆ ಇಳಿಯುತ್ತ ಹೋಗಿತ್ತು. ಧ್ರುವದ ಬಾಂಬು ಪಶ್ಚಿಮ ಘಟ್ಟದ ತಪ್ಪಲಿಗೆ ಬಂದು ಮುಟ್ಟಲು ಒಂದೆರಡು ವರ್ಷವಷ್ಟೇ ಹಿಡಿದಿತ್ತು. ಆ ಗಾಳಿ ಠಾಣೆಗೊಂದು, ಹಾನಗಲ್ಲಿಗೊಂದು ಇರುವುದಿಲ್ಲ. ನಮ್ಮವ್ವನ ಕೊಡದ ಕೆಳಗಿನ ತುಂಡಿನಲ್ಲೂ ಅದೇ ಬರಹ ಇರಲೇಬೇಕು.

ಪ್ರತಿಶತ ಅರವತ್ತು ಎಂದರೆ ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಹೋಲಿಕೆ. ಕ್ರಿ.ಶ. 774–75ರಲ್ಲಿ, ನಮ್ಮಲ್ಲಿ ರಾಷ್ಟ್ರಕೂಟರ ಆಳ್ವಿಕೆ ನಡೆದಿದ್ದಾಗ, ಪ್ರಪಂಚದ ಮರಗಳ ಉಂಗುರಗಳಲ್ಲಿ ಇಂಗಾಲ-14 ಇದ್ದಕ್ಕಿದ್ದಂತೆ ಜಿಗಿದಿದೆ. 2012ರಲ್ಲಿ ಇದನ್ನು ಜಪಾನಿನ ದೇವದಾರು ಜಾತಿಯ ಮರದಲ್ಲಿ ಕಂಡುಹಿಡಿದವರು ಫೂಸಾ ಮಿಯಾಕೆ. ಸೂರ್ಯನ ಭಾರಿ ಸ್ಫೋಟವೇ ಕಾರಣವಿರಬೇಕು ಎಂದು ವಿಜ್ಞಾನಿಗಳು ಬೆರಗಾಗಿ ಬರೆದರು. ಆ ಜಿಗಿತ ಪ್ರತಿಶತ ಒಂದಕ್ಕೆ ತುಸು ಮೇಲೆ, ಅಷ್ಟೇ.

ಈಗ ಹಿರೇಕೆರೂರಿಗೆ ಬರೋಣ. ಇಂಗಾಲ-14 ಎಂಬ ಹೆಸರು ನಮ್ಮ ಸೀಮೆಯ ಇತಿಹಾಸದಲ್ಲಿ ಮೊದಲು ಕೇಳಿದ್ದು ಬಾಂಬಿನ ಜೊತೆಗಲ್ಲ, ಹಳ್ಳೂರಿನ ಜೊತೆಗೆ. ತುಂಗಭದ್ರೆಯ ದಂಡೆಯ ಹಳ್ಳೂರು ಆಗ ಧಾರವಾಡ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನ ಊರು. ಪುರಾತತ್ತ್ವಜ್ಞ ಎಂ. ಎಸ್. ನಾಗರಾಜರಾವ್ 1965ರಲ್ಲಿ ಅಲ್ಲಿ ಉತ್ಖನನ ಮಾಡಿದರು. ನವಶಿಲಾಯುಗದ ಪದರ, ಅದರ ಮೇಲೆ ಕಬ್ಬಿಣ ಬಳಸಿದವರ ಪದರ. ಸಿಕ್ಕ ಇದ್ದಿಲನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಕಳಿಸಿದರು. ಅಲ್ಲಿಂದ ಬಂದ ಉತ್ತರ, ಕ್ರಿ.ಪೂ. 1000ದ ಆಸುಪಾಸು. ದಕ್ಷಿಣದಲ್ಲಿ ಕಬ್ಬಿಣ ಬಂದದ್ದು ಬಹಳ ತಡವಾಗಿ ಎಂದು ನಂಬಿದ್ದ ಪಂಡಿತರು ಲೆಕ್ಕ ತಿದ್ದಿಕೊಳ್ಳಬೇಕಾಯಿತು. ಇದೇ ಹಳ್ಳೂರಿನ ಮೂಳೆಗಳಲ್ಲಿ ಕುದುರೆಯದನ್ನು ಗುರುತಿಸಿದ ಪಶುವೈದ್ಯ ಕೆ. ಆರ್. ಆಲೂರರ ಮಾತು ಮುಂದೆ ಎಬ್ಬಿಸಿದ ಧೂಳು ಬೇರೆಯದೇ ಕತೆ. ಅದನ್ನು ಇಲ್ಲಿ ಎಳೆಯುವುದಿಲ್ಲ.

ನನಗೆ ಕುತೂಹಲ ಆ ವರ್ಷದ್ದು. 1965. ಮೂರು ಸಾವಿರ ವರ್ಷದ ಹಿಂದಿನ ಒಲೆಯ ಇದ್ದಿಲನ್ನು ಎತ್ತಿಕೊಳ್ಳುತ್ತಿದ್ದ ಕೂಲಿಯಾಳುಗಳು ಆಗ ಉಸಿರಾಡುತ್ತಿದ್ದ ಗಾಳಿಯಲ್ಲಿ ಇಂಗಾಲ-14 ತನ್ನ ತುತ್ತತುದಿಯ ಹತ್ತಿರವೇ ಇತ್ತು. ಗುಂಡಿಯ ಅಂಚಿನ ಹುಲ್ಲಿನ ಬೇರು ಒಂದಿಷ್ಟು ಇದ್ದಿಲಿನೊಳಗೆ ಸೇರಿಕೊಂಡರೂ ವಯಸ್ಸಿನ ಲೆಕ್ಕ ಕೆಡುತ್ತಿತ್ತು. ಅದಕ್ಕೇ ಪ್ರಯೋಗಾಲಯದವರು ಮಾದರಿಯನ್ನು ಆಮ್ಲದಲ್ಲಿ, ಕ್ಷಾರದಲ್ಲಿ ತೊಳೆದು ತೊಳೆದು ಶುದ್ಧ ಮಾಡುತ್ತಾರೆ. ಹಳೆಯದನ್ನು ಅಳೆಯುವ ಕೋಲು ಮತ್ತು ಹೊಸದನ್ನು ಮೈಲಿಗೆ ಮಾಡಿದ ವಸ್ತು ಎರಡೂ ಒಂದೇ.

ಪುರಾತತ್ತ್ವದ ಪುಸ್ತಕಗಳಲ್ಲಿ 'ಇಂದಿನಿಂದ ಇಷ್ಟು ವರ್ಷ ಹಿಂದೆ' ಎಂದು ಬರೆಯುತ್ತಾರಲ್ಲ, ಆ 'ಇಂದು' ಎಂದರೆ 1950. ರೂಢಿಯಾಗಿ ಹಾಗೆ ಗೊತ್ತುಮಾಡಿಕೊಂಡರು. ಆದರೆ ಆ ಮೇಲಿನ ವರ್ಷಗಳ ಗಾಳಿ ಬಾಂಬುಗಳಿಂದ ಕೆಟ್ಟು ಹಳೆಯ ಲೆಕ್ಕಕ್ಕೆ ಬಾರದಂತಾದ್ದರಿಂದ, ಅಲ್ಲಿಗೆ ಗೆರೆ ಎಳೆದದ್ದು ಅನುಕೂಲವೇ ಆಯಿತು. ಇತಿಹಾಸಕಾರರ ಗಡಿಯಾರ ನಮ್ಮ ಅಪ್ಪ–ಅವ್ವಂದಿರು ಹುಟ್ಟುವ ಮೊದಲೇ ನಿಂತುಬಿಟ್ಟಿದೆ. ಇನ್ನೊಂದು ಮಾತು. ಲಿಬ್ಬಿ ಎಣಿಸಿದ್ದಂತೆ ಗಾಳಿಯ ಇಂಗಾಲ-14 ಹಿಂದೆಯೂ ಒಂದೇ ಸಮ ಇರಲಿಲ್ಲ. ಎಷ್ಟು ಏರಿಳಿಯಿತು ಎಂದು ತಿಳಿಯಲು ಕ್ಯಾಲಿಫೋರ್ನಿಯಾದ ಪೈನ್, ಐರ್ಲೆಂಡ್ ಮತ್ತು ಜರ್ಮನಿಯ ಓಕ್ ಮರಗಳ ಸಾವಿರಾರು ಉಂಗುರಗಳನ್ನು ಅಳೆದು ಪಟ್ಟಿ ಮಾಡಿದ್ದಾರೆ. ಹಳ್ಳೂರಿನ ಒಲೆ ಯಾವಾಗ ಉರಿಯಿತು ಎಂದು ಈಗ ಹೇಳಬೇಕಾದರೆ ಐರ್ಲೆಂಡಿನ ಕೆಸರಿನಲ್ಲಿ ಹೂತಿದ್ದ ಮರದ ಸಾಕ್ಷಿ ಬೇಕು. ಊರೂರಿನ ಕಟ್ಟಿಗೆ ಹೀಗೆ ಒಂದರ ಮಾತನ್ನು ಒಂದು ಹೇಳುತ್ತದೆ.

ಮರದ ಉಂಗುರ ಎಲ್ಲ ವಿಕಿರಣವನ್ನೂ ಇಷ್ಟು ಪ್ರಾಮಾಣಿಕವಾಗಿ ಬರೆದಿಡುವುದಿಲ್ಲ. ಬಾಂಬುಗಳು ಉದುರಿಸಿದ್ದರಲ್ಲಿ ಜನ ಹೆಚ್ಚು ಹೆದರಿದ್ದು ಸ್ಟ್ರಾಂಷಿಯಂ-90 ಮತ್ತು ಸೀಸಿಯಂ-137ಕ್ಕೆ. ಮೊದಲನೆಯದು ಸುಣ್ಣದಂತೆ ನಟಿಸಿ ಹಾಲಿನ ಮೂಲಕ ಮಕ್ಕಳ ಮೂಳೆ ಸೇರುತ್ತದೆ, ಎರಡನೆಯದು ಪೊಟ್ಯಾಸಿಯಂ ವೇಷದಲ್ಲಿ ಮೈಯೊಳಗೆ ಬರುತ್ತದೆ. ಎರಡೂ ಸುಮಾರು ಮೂವತ್ತು ವರ್ಷಕ್ಕೆ ಅರ್ಧವಾಗುತ್ತವೆ. ಇವು ಮರದೊಳಗೂ ಹೋಗುತ್ತವೆ, ಆದರೆ ಹೋದ ಕಡೆ ಕೂರುವುದಿಲ್ಲ. ಅದರಲ್ಲೂ ಸೀಸಿಯಂ ರಸದ ಜೊತೆ ಉಂಗುರದಿಂದ ಉಂಗುರಕ್ಕೆ ಅಲೆದಾಡುತ್ತದೆ. ಬಾಂಬು ಹುಟ್ಟುವ ಮೊದಲಿನ ಉಂಗುರದಲ್ಲೂ ಸಿಕ್ಕು ಲೆಕ್ಕಿಗನನ್ನು ಮೋಸಗೊಳಿಸುತ್ತದೆ. ನಾಗಾಸಾಕಿಯ ಸುತ್ತಿನ ಮರಗಳಲ್ಲಿ ಪ್ಲುಟೋನಿಯಂ ಹುಡುಕಿದ್ದಾರೆ. 1957ರಲ್ಲಿ ರಿಯಾಕ್ಟರಿಗೆ ಬೆಂಕಿ ಬಿದ್ದ ಇಂಗ್ಲೆಂಡಿನ ವಿಂಡ್‌ಸ್ಕೇಲ್ ಇರುವ ಸೆಲ್ಲಾಫೀಲ್ಡಿನ ಸುತ್ತಲಿನ ಮರಗಳಲ್ಲಿ, ಚೆರ್ನೋಬಿಲ್ಲಿನ ಪೈನ್ ಮರಗಳಲ್ಲಿ ಇಂಗಾಲ-14 ಅಳೆದಿದ್ದಾರೆ. ಇಸವಿ ಹಿಡಿದು ಹೇಳುವ ಮಾತಿದ್ದರೆ ಇಂಗಾಲದ ಮಾತೇ ಗಟ್ಟಿ.

ಹಾಗಾದರೆ ಈ ಇಂಗಾಲ ವಿಷವೇ? ಒಬ್ಬೊಬ್ಬರ ಪಾಲಿಗೆ ಬಂದದ್ದು ತೀರ ಕಡಿಮೆ. ನೆಲ ಮತ್ತು ಆಕಾಶದಿಂದ ನಮಗೆ ದಿನವೂ ಬರುವ ಸಹಜ ವಿಕಿರಣದ ಎದುರು ಅದು ಲೆಕ್ಕಕ್ಕೇ ಇಲ್ಲ ಎನ್ನುವಷ್ಟು. ಊರಿನ ಕಾಯಿಲೆಗಳನ್ನೆಲ್ಲ ಇದರ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ 'ಕಡಿಮೆ' ಎಂಬಲ್ಲಿಗೆ ಸುಮ್ಮನಾಗದ ಒಬ್ಬರಿದ್ದರು: ಸೋವಿಯತ್ ಜಲಜನಕ ಬಾಂಬಿನ ಶಿಲ್ಪಿಗಳಲ್ಲೊಬ್ಬರಾದ ಆಂದ್ರೇ ಸಖರೋವ್. 1958ರಲ್ಲಿ ಅವರು ಇದೇ ಇಂಗಾಲ-14ರ ಬಗ್ಗೆ ಒಂದು ಲೇಖನ ಬರೆದರು. ಒಬ್ಬನಿಗೆ ತಗಲುವುದು ಅಣುವಷ್ಟೇ ಇರಬಹುದು, ಆದರೆ ಅದು ತಗಲುವುದು ಭೂಮಿಯ ಎಲ್ಲರಿಗೂ, ಸಾವಿರಾರು ವರ್ಷ ಹುಟ್ಟುವ ಎಲ್ಲರಿಗೂ. ಕೂಡಿಸಿ ನೋಡಿದರೆ ಸ್ಫೋಟದ ಪ್ರತಿ ಮೆಗಾಟನ್ನಿಗೆ ಹತ್ತು ಸಾವಿರದಷ್ಟು ಜನ ಬಲಿಯಾಗುತ್ತಾರೆ ಎಂಬುದು ಅವರ ಅಂದಾಜು. ಅಷ್ಟು ಸಣ್ಣ ಪ್ರಮಾಣವೂ ಹಾನಿಯನ್ನು ಮಾಡೇಮಾಡುತ್ತದೆ ಎಂಬ ಊಹೆಯ ಮೇಲೆ ನಿಂತ ಲೆಕ್ಕ ಅದು. ಆ ಊಹೆಯ ಬಗ್ಗೆ ವಿಜ್ಞಾನಿಗಳ ವಾದ ಇನ್ನೂ ಮುಗಿದಿಲ್ಲ. ಮೂರು ವರ್ಷದ ಮೇಲೆ ನೋವಾಯಾ ಜೆಮ್ಲ್ಯಾದ ಐವತ್ತು ಮೆಗಾಟನ್ನಿನ ಬಾಂಬಿನಲ್ಲೂ ಅವರ ಕೈ ಇತ್ತು ಎಂಬುದನ್ನೂ ಹೇಳಬೇಕು.

ಹಾನಗಲ್ಲು, ಬಂಕಾಪುರ ಸೀಮೆಯಲ್ಲಿ ಓಡಾಡಿದವರಿಗೆ ವೀರಗಲ್ಲು ಹೊಸದಲ್ಲ. ತುರು ಕಾಯಲು ಹೋಗಿ ಸತ್ತವನ ಹೆಸರು, ಊರು, ಯಾರ ಆಳ್ವಿಕೆಯಲ್ಲಿ, ಯಾವ ಸಂವತ್ಸರದಲ್ಲಿ ಎಂದು ಕಲ್ಲಿನಲ್ಲಿ ಬರೆಸಿದ್ದಾರೆ. ಸಖರೋವರ ಲೆಕ್ಕದಲ್ಲಿ ಬರುವ ಸತ್ತವರಿಗೆ ಹೆಸರಿಲ್ಲ. ಇವರೇ ಎಂದು ಯಾರನ್ನೂ ತೋರಿಸಲು ಬರುವುದಿಲ್ಲ. ಸಂವತ್ಸರವನ್ನಷ್ಟೇ ಮರ ಬರೆದುಕೊಂಡಿದೆ.

ಇದೆಲ್ಲ ಹಳೆಯ ಮಾತು ಎಂದು ಬಿಡುವಂತೆಯೂ ಇಲ್ಲ. ಹಾನಗಲ್ಲಿನಿಂದ ಪಡುವಣಕ್ಕೆ ನೇರ ಗೆರೆ ಎಳೆದರೆ ಎಪ್ಪತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿ ಕಾಳಿ ನದಿಯ ದಂಡೆಯ ಕೈಗಾ ಸಿಗುತ್ತದೆ. ಶಿವರಾಮ ಕಾರಂತರು ಕೈಗಾವನ್ನು ವಿರೋಧಿಸಿ, ಎಂಬತ್ತೇಳರ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ನಿಂತು ಸೋತರು. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಒಂದು ಗುಮ್ಮಟದ ಒಳಭಾಗ ಕುಸಿಯಿತು. 2000ದ ಹೊತ್ತಿಗೆ ಮೊದಲೆರಡು ಘಟಕ ನಡೆಯತೊಡಗಿದವು. ಈಗ ತಲಾ 220 ಮೆಗಾವಾಟಿನ ನಾಲ್ಕು ಇವೆ. ಇವು ಭಾರಜಲ ಬಳಸುವ ರಿಯಾಕ್ಟರುಗಳು. ಆ ನೀರಿನ ಆಮ್ಲಜನಕದ ಒಂದು ಬಗೆಗೆ ನ್ಯೂಟ್ರಾನ್ ಬಡಿದಾಗ ಹುಟ್ಟುವುದೂ ಇಂಗಾಲ-14. ಅದರಲ್ಲಿ ಸ್ವಲ್ಪ ಚಿಮಣಿಯಿಂದ ಗಾಳಿಗೆ ಸೇರುತ್ತದೆ. ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಕೈಗಾ ಸುತ್ತಿನ ಗಿಡಮರಗಳಲ್ಲಿ ಅದನ್ನು ಅಳೆದಿದ್ದಾರೆ. ಸ್ಥಾವರದ ಹತ್ತಿರ ಸಣ್ಣ ಏರಿಕೆ, ದೂರ ಹೋದಂತೆ ಸಾಮಾನ್ಯ ಮಟ್ಟ. ಹಾನಗಲ್ಲಿನ ಸಾಗವಾನಿಯಲ್ಲಿ ಕೈಗಾದ ಗುರುತು ಕಾಣುವ ಸಂಭವವಿಲ್ಲ. 1964ರಲ್ಲಿ ಬಿದ್ದದ್ದರ ಎದುರು ಅದು ಏನೂ ಅಲ್ಲ ಎಂದೂ ಹೇಳಬೇಕು.

ಆದರೂ ಒಂದು ಮಾತಿದೆ. ಎಲೆಯನ್ನು ಅಳೆದರೆ ಈ ವರ್ಷದ್ದು ಗೊತ್ತಾಗುತ್ತದೆ. ಇಪ್ಪತ್ತು ವರ್ಷದ ಹಿಂದೆ ಏನಾಗಿತ್ತು, ಸ್ಥಾವರ ಬರುವ ಮೊದಲು ಏನಿತ್ತು ಎಂದು ಕೇಳಿದರೆ ಯಾರದೋ ಕಡತವನ್ನು ನಂಬಬೇಕು, ಇಲ್ಲವೇ ಮರವನ್ನು. ಕಡತ ಇಟ್ಟವರ ಕೈಯಲ್ಲಿರುತ್ತದೆ. ಮರ ಕಾಡಿನಲ್ಲಿ ಎಲ್ಲರ ಎದುರಿಗೆ ನಿಂತಿರುತ್ತದೆ. ಅನುಮಾನವಿದ್ದವರು, ಇಲ್ಲದವರು ಇಬ್ಬರೂ ಅದೇ ಉಂಗುರವನ್ನು ಬೇರೆ ಬೇರೆ ಪ್ರಯೋಗಾಲಯಕ್ಕೆ ಕಳಿಸಬಹುದು. ಕಾರಂತರ ಕಾಲದ ಜಗಳದಲ್ಲಿ ಎರಡೂ ಕಡೆಯವರು ಮುಂದೇನಾಗುತ್ತದೆ ಎಂದು ವಾದಿಸಿದರು. ಆಗಿದ್ದೇನು ಎಂದು ಹೇಳಬಲ್ಲ ಸಾಕ್ಷಿ ಆಗಿನಿಂದಲೂ ವರ್ಷಕ್ಕೊಂದು ಉಂಗುರದಂತೆ ಬೆಳೆಯುತ್ತ ಬಂದಿದೆ. ಶಿಗ್ಗಾಂವಿ ಹಾಯ್ದು ಹೋಗುವ ಹೆದ್ದಾರಿ ಅಗಲವಾದಾಗ ದಾರಿಬದಿಯ ಹಳೆಯ ಮರಗಳು ಹೋದವು. ನೆರಳು ಹೋಯಿತೆಂದು ನಾವು ಮರುಗಿದೆವು. ಎಪ್ಪತ್ತು–ಎಂಬತ್ತು ವರ್ಷದ ಗಾಳಿಯ ದಫ್ತರು ಒಲೆಗೆ ಹೋಯಿತು ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆದಿರಲಿಲ್ಲ.

ಸವಣೂರಿನ ಮರಕ್ಕೆ ಮರಳುತ್ತೇನೆ. ಉಂಗುರವಿಲ್ಲದ ಮರದ ವಯಸ್ಸನ್ನೂ ಇಂಗಾಲದಿಂದ ಹೇಳಬಹುದು ಎಂದು 1963ರಲ್ಲೇ ಸ್ವಾರ್ಟ್ ಎಂಬವರು ಆಫ್ರಿಕಾದ ಕರೀಬಾ ಬಳಿಯ ಒಂದು ಬಾವೊಬಾಬಿನಲ್ಲಿ ತೋರಿಸಿದರು. ಅದು ಸುಮಾರು ಸಾವಿರ ವರ್ಷದ್ದಾಗಿತ್ತು. ರೊಮೇನಿಯಾದ ಅಡ್ರಿಯನ್ ಪತ್ರುತ್ ಈ ಕೆಲಸಕ್ಕೇ ಬದುಕನ್ನು ಮೀಸಲಿಟ್ಟರು. ಟೊಳ್ಳಿನ ಗೋಡೆಯಿಂದ ಕಡ್ಡಿಯಷ್ಟು ಕಟ್ಟಿಗೆ ತೆಗೆದು ಅಳೆಯುವುದು ಅವರ ಕ್ರಮ. ಅವರ ತಂಡ ಉತ್ತರ ಪ್ರದೇಶದ ಎರಡು ಬಾವೊಬಾಬ್‌ಗಳನ್ನೂ ಅಳೆದಿದೆ. ಒಂದು ಅಲಹಾಬಾದಿನ ಝೂಂಸಿಯದು, ಇನ್ನೊಂದು ಬಾರಾಬಂಕಿ ಜಿಲ್ಲೆಯ ಕಿಂತೂರಿನದು. ಅಲ್ಲಿನ ಜನ ಅದನ್ನು ಪಾರಿಜಾತ ಎನ್ನುತ್ತಾರೆ, ಪಾಂಡವರ ಕಾಲಕ್ಕೆ, ಸ್ವರ್ಗಕ್ಕೆ ಒಯ್ದು ಮುಟ್ಟಿಸುತ್ತಾರೆ. ಇಂಗಾಲ ಹೇಳಿದ ವಯಸ್ಸು ಎಂಟು ನೂರಕ್ಕೆ ತುಸು ಕಡಿಮೆ. ಆಫ್ರಿಕಾದ ಹೊರಗೆ ಹೀಗೆ ಅಳೆದ ಬಾವೊಬಾಬ್‌ಗಳಲ್ಲಿ ಅವೇ ಹಿರಿಯವು. ಎಂಟು ನೂರು ವರ್ಷ ಸಣ್ಣದೇನಲ್ಲ. ಹಾನಗಲ್ಲಿನಲ್ಲಿ ಕದಂಬರು ಆಳುತ್ತಿದ್ದ ಕಾಲ ಅದು. ಆದರೂ ಐದು ಸಾವಿರ ಕೇಳಿ ರೂಢಿಯಾದ ಕಿವಿಗೆ ಸಪ್ಪೆ ಎನಿಸುತ್ತದೆ.

ಬಾಂಬಿನ ಇಂಗಾಲ ಉಪಕಾರಕ್ಕೆ ಬರುವುದು ಇಲ್ಲಿಯೇ. ಉಂಗುರ ಮಸುಕಾಗಿರುವ ಮರದಲ್ಲಿ ತೊಗಟೆಯಿಂದ ಒಳಕ್ಕೆ ಸ್ವಲ್ಪ ಸ್ವಲ್ಪ ಅಳೆಯುತ್ತ ಹೋದರೆ ಒಂದು ಕಡೆ ಇಂಗಾಲ-14 ಥಟ್ಟನೆ ತುದಿಗೇರುತ್ತದೆ. ಅದು 1964ರ ಮೊಳೆ. ತೊಗಟೆಯಿಂದ ಅಲ್ಲಿಯವರೆಗಿನ ದೂರ ಅಳೆದು ವರ್ಷಗಳಿಂದ ಭಾಗಿಸಿದರೆ ಈಚೆಗೆ ಮರ ಎಷ್ಟು ವೇಗದಲ್ಲಿ ದಪ್ಪವಾಯಿತು ಎಂದು ತಿಳಿಯುತ್ತದೆ. ಮಾವು, ಆಲ, ನಮ್ಮ ಹುಣಸೆ, ಯಾವುದಕ್ಕೂ ಇದು ನಡೆಯುತ್ತದೆ. ಮನುಷ್ಯರ ಹಲ್ಲಿಗೂ ನಡೆಯುತ್ತದೆ. ಹಲ್ಲಿನ ಮೇಲ್ಪದರ ಒಮ್ಮೆ ಕಟ್ಟಿದ ಮೇಲೆ ಬದಲಾಗದ ಕಾರಣ, ಅದರ ಇಂಗಾಲ-14 ನೋಡಿ ಆ ವ್ಯಕ್ತಿ ಯಾವ ಸುಮಾರಿಗೆ ಹುಟ್ಟಿದ್ದೆಂದು ಹೇಳುವ ಕ್ರಮವನ್ನು ಸ್ವೀಡನ್ನಿನ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದರು. ಆನೆದಂತ ಹಳೆಯದೋ ನಿಷೇಧದ ನಂತರದ್ದೋ ಎಂದು ಹಿಡಿಯಲೂ ಇದನ್ನೇ ಬಳಸುತ್ತಾರೆ.

ನಮ್ಮವ್ವ ಹುಟ್ಟಿದ್ದು 1964ರ ಶ್ರಾವಣದಲ್ಲಿ. ತಾರೀಖು ಯಾರೂ ಬರೆದಿಟ್ಟಿಲ್ಲ, ಶಾಲೆಯಲ್ಲಿ ಮಾಸ್ತರರು ಜೂನ್ 1 ಎಂದು ಹಾಕಿದ್ದೇ ಆಧಾರ್ ಕಾರ್ಡಿನವರೆಗೂ ಬಂದಿದೆ. ಸವಣೂರಿನಿಂದ ಮರಳಿದ ದಿನ ಸಂಜೆ ಕಾಕಾ ಕೊಡ ಸರಿಸಿ, ಸಾಗವಾನಿ ತುಂಡನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಎಪ್ಪತ್ತೆರಡರ ಬರದ ಗೆರೆ ಹುಡುಕಿ ಅಲ್ಲಿಂದ ಒಳಕ್ಕೆ ಎಂಟು ಎಣಿಸಿ ಉಗುರಿಟ್ಟರು.

"ವೈನಿ, ಇಲ್ಲೇ ನೋಡ್ರಿ, ನೀವು ಹುಟ್ಟಿದ ವರ್ಷ."

ನಾನು ಅಷ್ಟು ದೂರದ ಬಾಂಬಿನ ವಿಷಯ ಹೇಳಿದೆ. ಅವ್ವ ಬಗ್ಗಿ ನೋಡಿದಳು. ಬೇರೆ ಗೆರೆಗಳಿಗೂ ಅದಕ್ಕೂ ಏನೂ ವ್ಯತ್ಯಾಸ ಕಾಣಲಿಲ್ಲ.

"ಹಂಗಾರ ನನ್ನ ಹಲ್ಲಿನ್ಯಾಗೂ ಅದ ಐತೇನು?"

"ಐತಿ ಬೇ."

"ಹೋಗೂದಿಲ್ಲ?"

"ಐದು ಸಾವಿರದ ಏಳುನೂರ ಮೂವತ್ತು ವರ್ಷಕ್ಕ ಅರ್ಧ ಹೋಗತೈತಿ."

"ಅಲ್ಲೀತನಾ ಹಲ್ಲ ಇದ್ರ ಆತು" ಎಂದು ನಕ್ಕು, ಅವ್ವ ಕೊಡವನ್ನು ಎತ್ತಿ ಮತ್ತೆ ಅದರ ಮೇಲೆಯೇ ಇಟ್ಟಳು.